ಹೊಂಗೆಯ ಕೊರಳಿಗೆ ವೈರು

ಉಡಚಮ್ಮ ತಮ್ಮನ ಹೆಂಡತಿ ಓಬವ್ವನ ಮುಂಗೈ ಹಿಡಿದೆಳೆದಳು. ಬಳೆ ಒಡೆಯದೆ ಹೆಣ ಎತ್ತುವಂತಿಲ್ಲ. ಸ್ವಂತ ಊರು ಕಡರನಾಯಕನಹಳ್ಳಿಯ ಹೊಲದಲ್ಲಿ ಬೆಳಗ್ಗೆಯೇ ಗುಂಡಿ ತೋಡಿಯಾಗಿತ್ತು. ಹೊತ್ತು ಮುಳುಗುವುದರೊಳಗೆ ಅಲ್ಲಿಗೆ ಒಯ್ದು ಮಣ್ಣು ಮಾಡಬೇಕು.

ಸತ್ತವನು ಕಲ್ಲಪ್ಪ, ನಿಜಲಿಂಗಪ್ಪ ಬಡಾವಣೆಯ ರಸ್ತೆಬದಿ ಗಿಡಗಳ ಮಾಲಿ. ದಾವಣಗೆರೆಗೆ ನೆರಳನ್ನು ಪರಿಚಯ ಮಾಡಿಸಿದವನೇ ಅವನು. ಅವನು ಮುಟ್ಟಿದರೆ ಲೈಟ್ ಕಂಬವೂ ಚಿಗುರುತ್ತಿತ್ತು. ನಂಬದವರು ಕಂಬವನ್ನೇ ಕೇಳಬಹುದು.

"ಮಾವ ಎರಡು ತಿಂಗ್ಳು ಹರಿಹರದ ಆಸ್ಪತ್ರ್ಯಾಗಿದ್ರು. ಒಂದು ಗಿಡಾನೂ ವಾಲದಂಗೆ ನೋಡ್ಕಂಡೀನಿ," ಎಂದು ಅಳಿಯ ಶಿವಮೂರ್ತಿ ಬಾಗಿಲಲ್ಲಿ ನೆಂಟರಿಗೆ ಹೇಳುತ್ತಿದ್ದ. "ತಿರುವಿನ ಹೊಂಗೆಗಂತೂ ಕಬ್ಬಿಣದ ವೈರ್ ಬಿಗಿದೀನಿ. ಆನೆ ಬಂದ್ರೂ ಅಲ್ಲಾಡಲ್ಲ."

ಓಬವ್ವ ಕೈ ಕಿತ್ತುಕೊಂಡಳು.

*

ಆ ಹೊಂಗೆಗೆ ಹೋದ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗುದ್ದಿತ್ತು. ಕಲ್ಲಪ್ಪ ಅದನ್ನು ಎತ್ತಿ ನಿಲ್ಲಿಸಿ, ಹೆಂಡತಿಯ ಹಳೆ ಸೀರೆ ಹರಿದು ಗೂಟಕ್ಕೆ ಸಡಿಲವಾಗಿ ಕಟ್ಟಿದ್ದ.

"ಇನ್ನಾ ಬಿಗಿರಿ, ಬೀಳ್ತೈತೆ."

"ಅಲ್ಲಾಡ್ಲಿ ಬಿಡೇ. ಅಲ್ಲಾಡಿದ್ರೇ ಬುಡ ಗಟ್ಟಿ. ಬಿಗಿದ್ರೆ, ಕಾಂಡ ದಪ್ಪಾದಂಗೆಲ್ಲ ಕುತ್ತಿಗಿ ಹಿಸುಕ್ದಂಗೆ. ಸುತ್ತಾ ತೊಗಟಿ ಕೊಯ್ತು ಅಂದ್ರೆ ಮುಗೀತು."

ತನ್ನ ಚಪ್ಪಲಿಯ ಉಂಗುಷ್ಠ ಕಿತ್ತರೆ ಆರು ವರ್ಷ ಹಾಗೇ ಎಳೆಯುವ ಮನುಷ್ಯ, ತಿಂಗಳಿಗೊಮ್ಮೆ ತಪ್ಪದೆ ಆ ಕಟ್ಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

*

"ಅಳಿಯಂದ್ರೆ, ಮೊದ್ಲು ಆ ವೈರ್ ಬಿಚ್ಚಿ ಬರ್ರಿ. ಅಲ್ಲೀಮಟ ಬಳಿ ಮುಟ್ಟಾಕೆ ಬಿಡಲ್ಲ."

"ತಲೆ ಕೆಟ್ಟೈತೇನೇ?" ಉಡಚಮ್ಮ ಕಿರುಚಿದಳು. "ಗಂಡ ಹಿಂಗೆ ಮಲಗ್ಯಾನೆ, ನಿಂಗೆ ಗಿಡದ ಚಿಂತಿ!"

"ಅವ್ರಿಗೂ ಅದೇ ಚಿಂತಿ ಇತ್ತಲ್ಲ ಅತ್ತಿಗಿ. ಆಸ್ಪತ್ರ್ಯಾಗೆ ಕೇಳ್ದಾಗೆಲ್ಲ ಚೆನ್ನಾಗೈತೆ ಅಂದೀನಿ. ನೋಡ್ದೇನೇ ಅಂದೀನಿ."

ಹೊರಗೆ ಹೆಣದ ಗಾಡಿಯ ಡ್ರೈವರ್ ಹುಸೇನ್ ಸಾಬ್ ಆಕಾಶ ನೋಡಿ, "ಹೊತ್ತಾತ್ರಿ," ಎಂದ. ಶಿವಮೂರ್ತಿ ಅವನಿಂದಲೇ ಇಕ್ಕಳ ಇಸಿದುಕೊಂಡು ಓಡಿದ.

ತಿರುವು ಕೂಗಳತೆಯ ದೂರ. ಅವನು ಹೋಗಿ ಬರುವಷ್ಟರಲ್ಲಿ ಮೂರು ತಲೆಮಾರು ಕಳೆದವು. ಊದುಬತ್ತಿಯ ಬೂದಿ ಬೀಳುವ ಸದ್ದೂ ಕೇಳಿಸಿತು.

ಬಂದವನು ಓಬವ್ವನ ಮುಂದೆ ಕುಕ್ಕರಿಸಿದ. "ಒಳಗಿಳಿದಿತ್ತು ಅತ್ತಿ. ನಂಗೆ ಗೊತ್ತಾಗ್ಲಿಲ್ಲ." ತುಂಡಾದ ವೈರನ್ನು ಅವಳ ಅಂಗೈಯಲ್ಲಿಟ್ಟ.

"ಸುತ್ತಾ ಕೊಯ್ದೈತಾ?"

"ಇಲ್ಲ. ಒಂದು ಕಡಿ ತೊಗಟಿ ಉಳಿದೈತೆ, ಬೆರಳಗಲ."

ವೈರಿಗೆ ಅಂಟಿದ್ದ ತೊಗಟೆಯ ಚೂರನ್ನು ಓಬವ್ವ ಉಗುರಿನಿಂದ ಕೆರೆದಳು. ಹಸಿರು. ಉಗುರು ಒದ್ದೆಯಾಯಿತು. ಆ ಒದ್ದೆಯನ್ನು ಗಂಡನ ಹಣೆಯ ವಿಭೂತಿಯ ಮೇಲೆ ಒರೆಸಿ, ಎರಡೂ ಕೈಗಳನ್ನು ಉಡಚಮ್ಮನ ಮುಂದೆ ಚಾಚಿದಳು.