ಶಂಕ್ರೆವ್ವನ ಬಾಗಿಲು

ಶಂಕ್ರೆವ್ವನ ಬಲಗಾಲು ಉಳಿಯಬೇಕಾದರೆ ದಿನಾ ಡ್ರೆಸ್ಸಿಂಗ್ ಆಗಬೇಕಿತ್ತು. ಸಕ್ಕರೆ ಕಾಯಿಲೆಯ ಹುಣ್ಣು, ಬಿಟ್ಟರೆ ಕಾಲನ್ನೇ ತೆಗೆಯಬೇಕು. ಮನೆಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುವ ನರ್ಸ್ ನಾನು. ಆದರೆ ಆಕೆ ಹದಿನಾರು ವರ್ಷದಿಂದ ಮಲಗುವುದು ದಾಂಡೇಲಿ ಸಂತೆ ಮೈದಾನದ ಗೋಡೆಯ ಬುಡದಲ್ಲಿ. ನಮ್ಮ ಮೊಬೈಲ್ ಆ್ಯಪಿಗೋ, ಸೀಮೆಸುಣ್ಣದಲ್ಲಿ ನಂಬರು ಬರೆದ ಬಾಗಿಲಿನ ಫೋಟೋ ಬೇಕು. ಅದಿಲ್ಲದೆ ಹತ್ತಿ, ಔಷಧಿ ಏನೂ ಮಂಜೂರಾಗುವುದಿಲ್ಲ. ಹುಣ್ಣಿನ ಫೋಟೋ ಮಾತ್ರ ಕೇಳುವುದೇ ಇಲ್ಲ, ದರಿದ್ರದ್ದು!

ಎದುರಿನ ಗ್ಯಾರೇಜಿನ ವಜೀರನ ಮುಂದೆ ಆ್ಯಪನ್ನು ಹೊಟ್ಟೆಯುರಿ ತೀರುವಷ್ಟು ಬೈದೆ.

"ಬಾಗ್ಲಾ ಅಷ್ಟ ಬೇಕೇನ್ರಿ ಸಿಸ್ಟರ್?" ಅಂದವನೇ ಆಕೆಯ ಹಾಸಿಗೆಯ ಮುಂದೆ ಕಬ್ಬಿಣದ ಕಂಬ ನೆಟ್ಟು, ಬಿಜಾಗರಿ ಹಾಕಿ, ಗುಜರಿ ಟೆಂಪೋದ ಬಾಗಿಲೊಂದನ್ನು ಕೂರಿಸಿಯೇಬಿಟ್ಟ. ನಾನು ನಂಬರು ಬರೆದು ಫೋಟೋ ಹೊಡೆದೆ. ಆ್ಯಪ್ ಒಪ್ಪಿಕೊಂಡಿತು. ಹಿಂದೊಂದು ಗೋಡೆ, ಮುಂದೊಂದು ಬಾಗಿಲು, ಎಡಬಲ ಬಯಲು.

ಮರುದಿನವೇ ಶಂಕ್ರೆವ್ವ ಯಜಮಾನತಿಯಾದಳು. ನಾನು ಎಂದಿನಂತೆ ಬದಿಯಿಂದ ಕಾಲಿಟ್ಟರೆ, "ಗ್ವಾಡಿ ಹಾಯ್ದು ಬರ್ತಿಯೇನ ನರ್ಸಬಾಯಿ? ಚಪ್ಪಲ್ ಬಿಟ್ಟು, ಬಾಗ್ಲಾ ಬಡದು ಬಾ" ಅಂದಳು. ಹೋಗಿ ಬಡಿದೆ. ಏನು ಮಾಡುವುದು, ಕಾಲು ಆಕೆಯದು! ಎರಡು ವಾರದಲ್ಲಿ ಹುಣ್ಣು ಕೆಂಪಗೆ ತುಂಬಿಕೊಳ್ಳತೊಡಗಿತು. ನನಗೆ ಸಂತೋಷವಾಗಿತ್ತು.

ಆಗ ಮೇಲ್ವಿಚಾರಕ ಸಂಜೀವಕುಮಾರ ಸಾಹೇಬರು ತಪಾಸಣೆಗೆ ಬಂದರು. ಅವರು ಹುಣ್ಣನ್ನು ಕಣ್ಣಾರೆ ನೋಡದಿದ್ದರೆ ಆಕೆಯ ಹೆಸರು ಪಟ್ಟಿಯಿಂದ ಹೋಗುತ್ತದೆ. ಸಾಹೇಬರು ಬಾಗಿಲು ಬಡಿದರು.

"ಯಾರು?"

"ದವಾಖಾನಿಯವ್ರು. ಬಾಗ್ಲಾ ತಗಿ."

"ಮನ್ಯಾಗ ಒಬ್ಬಾಕಿನ ಅದೀನಿ. ತಗಿಯಂಗಿಲ್ಲ."

ಟೆಂಪೋ ಬಾಗಿಲಿನ ಗಾಜಿಲ್ಲದ ಕಿಟಕಿಯಲ್ಲಿ ಇಬ್ಬರಿಗೂ ಇಬ್ಬರ ಮುಖ ಚೆನ್ನಾಗಿ ಕಾಣುತ್ತಿತ್ತು. ಸಾಹೇಬರು ಬದಿಗೆ ಎರಡು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ಪುಣ್ಯಾತ್ಮ ಇಡಲಿಲ್ಲ. 'ಮನೆ ಬಂದ್' ಎಂದು ಬರೆಯತೊಡಗಿದರು.

"ಆಯಿ, ಕಾಲು ಹೋಗ್ತೈತಿ, ತಗಿ!" ಎಂದು ಕಿರುಚಿದೆ.

"ಹೋದ್ರ ಹೋಗ್ಲಿ. ಹದಿನಾರು ವರ್ಷ ಕುಡುಕ್ರು, ನಾಯಿ, ದನಾ ಎಲ್ಲಾ ಕೇಳದ ಬಂದ್ವು. ಇವತ್ತ ಒಬ್ರರ ಕೇಳಿ ಬರ್ಲಿ."

ಸಾಹೇಬರ ಪೆನ್ನು ನಿಂತಿತು. ಬಗ್ಗಿ ಬೂಟು ಬಿಚ್ಚಿದರು.

"ಒಳಗ ಬರ್ಲೇನ್ರಿ ಯವ್ವಾ?"

ಶಂಕ್ರೆವ್ವ ಸೆರಗು ಸರಿಮಾಡಿಕೊಂಡು, ಸಾವಕಾಶವಾಗಿ ಬಾಗಿಲು ತೆರೆದಳು.

"ಬರ್ರಿ. ಬಾಗ್ಲಾ ಹಾಕ್ಕೊಂಡ ಬರ್ರಿ, ಥಂಡಿ ಗಾಳಿ ಬರ್ತೈತಿ."

ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.