ಮಣೆಯ ಮೇಲಿನ ಹಸಿರು ಸೀರೆ

ನಾನೂರ ಹನ್ನೆರಡನೆಯ ಪುಟದಲ್ಲಿ ರಾಣಿ ಕಡವಿನ ಮೆಟ್ಟಿಲಿಗೆ ಬಂದು ನಿಂತಿದ್ದಳು. ಅವಳಿಗೆ ಸಾವಿಲ್ಲ. ದೋಣಿಯಲ್ಲಿ ಕೂತ ಅಂಬಿಗನ ತಲೆ ಮಾತ್ರ ನರೆತಿತ್ತು. ತನ್ನ ಹೆಸರನ್ನು ಯಾರಿಗಾದರೂ ಬಿಟ್ಟುಕೊಟ್ಟರೆ ಅವಳಿಗೂ ಮುಪ್ಪು ಬರುತ್ತದೆ, ಅವನ ಜೊತೆ ಆಚೆ ದಡಕ್ಕೆ ಹೋಗಬಹುದು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು.

ಯಶಸ್ವಿ ಪುಟದ ನಡುವೆ ಬೆರಳಿಟ್ಟುಕೊಂಡೇ ಚಾವಡಿಗೆ ಬಂದು ಕಂಬದ ಬುಡದಲ್ಲಿ ಕೂತಳು. ಕಾದಂಬರಿಯಲ್ಲಿ ಏಳು ರಾಜವಂಶಗಳು. ಯಾರಿಗೆ ಯಾರು ಮಗ ಎಂದು ಮರೆಯದಿರಲು ಹಳೆಯ ಕ್ಯಾಲೆಂಡರಿನ ಹಿಂದೆ ವಂಶವೃಕ್ಷ ಬರೆದುಕೊಂಡಿದ್ದಳು. ಅಜ್ಜಿಯ ಕಥೆಗಳು ಮುಗಿದು ಈಗ ಇದೊಂದು ಶುರುವಾಯಿತು ಎಂದು ಅಮ್ಮ ಬೆಳಗ್ಗೆಯೇ ಗೊಣಗಿದ್ದಳು.

ಬಂದವರು ಹುಡುಗಿ ನೋಡಲು ಬಂದವರು. ಹುಡುಗಿ ಯಶಸ್ವಿಯಲ್ಲ, ಅವಳ ಅಕ್ಕ. ಹುಟ್ಟಿದ ಒಂಬತ್ತನೆಯ ದಿನ, ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡವಳು, ಇದ್ದಿದ್ದರೆ ಇಪ್ಪತ್ತೊಂಬತ್ತು. ಸತ್ತ ಮಕ್ಕಳಿಗೂ ಪ್ರಾಯ ಬರುತ್ತದೆ, ಹಾಗೆಯೇ ಸತ್ತ ಒಬ್ಬ ಹುಡುಗನನ್ನು ಹುಡುಕಿ ಮದುವೆ ಮಾಡಿಸದಿದ್ದರೆ ತಂಗಿಯ ದಾರಿಗೆ ಅಡ್ಡ ಕೂರುತ್ತಾಳೆ ಎಂದು ಜೋಯಿಸರು ಹೇಳಿದ್ದರು. ಯಶಸ್ವಿಗೆ ಆಗಲೇ ನಾಲ್ಕು ಸಂಬಂಧ ತಪ್ಪಿತ್ತು. ಪ್ರತಿ ಸಲವೂ ಅವಳು ಒಳಗೊಳಗೇ ಅಕ್ಕನಿಗೆ ಕೈಮುಗಿದಿದ್ದಳು. ಮಂಡೆಕೋಲು ಊರಿನ ಸುಜಯ್ ಐದನೆಯವ. ಇವತ್ತು ಅಕ್ಕನ ಮದುವೆಯ ಮಾತು ಮುಗಿದರೆ ದೀಪಾವಳಿ ಕಳೆದ ಕೂಡಲೇ ಅವಳದು. ಬೇಡ ಎಂದು ಎರಡು ಸಲ ಹೇಳಿದ್ದಳು. ಎರಡು ಸಲವೂ ಅಮ್ಮ ಸೀರೆಯ ಬಣ್ಣ ಕೇಳಿದ್ದಳು.

ಚಾವಡಿಯ ನಡುವೆ ಮಣೆ, ಅದರ ಮೇಲೆ ಮಡಚಿಟ್ಟ ಹಸಿರು ಸೀರೆ, ಬಳೆ, ಕುಂಕುಮ. ಅದೇ ಹುಡುಗಿ. ಎರಡೂ ಸಂಬಂಧಕ್ಕೆ ಓಡಾಡುತ್ತಿದ್ದ ವೆಂಕಪ್ಪಣ್ಣ ಅದರ ಎದುರು ಕೂತು ಯಶಸ್ವಿಯತ್ತ ಓರೆಗಣ್ಣು ಹಾಯಿಸಿದ.

"ಈ ಹುಡುಗಿಯದ್ದು ಒಂದು ಗುಣ ಉಂಟು. ಎದುರು ಮಾತಾಡುದಿಲ್ಲ."

ಸತ್ತ ಹುಡುಗನ ತಾಯಿ ಲೋಲಾಕ್ಷಿ ನಗಲಿಲ್ಲ. ಉಪ್ಪಿನಂಗಡಿಯಿಂದ ಬರುವಾಗ ಮಡಿಲಲ್ಲೇ ಇಟ್ಟುಕೊಂಡು ಬಂದ ಕವರಿನಿಂದ ಒಂದು ಬಿಳಿ ಅಂಗಿ ತೆಗೆದಳು. ಮಗ ಹೋಗುವಾಗ ಒಂದೂವರೆ ವರ್ಷ. ಅಳತೆ ಹೇಗೆ ಗೊತ್ತಾಯಿತು ಎಂದು ಅಮ್ಮ ಮೆಲ್ಲನೆ ಕೇಳಿದಳು.

"ನೆರೆಮನೆಯಲ್ಲಿ ಅವನದೇ ಪ್ರಾಯದ ಹುಡುಗ ಇದ್ದಾನೆ. ವರ್ಷ ವರ್ಷ ಅವನ ಅಂಗಿ ನೋಡ್ತಾ ಬಂದೆ. ಈಗ ನಲವತ್ತು ಬೇಕು." ಕಾಲರನ್ನು ಸವರಿ, "ಹುಡುಗಿಯ ಹೆಸರೆಂತ?" ಎಂದಳು.

ಅಪ್ಪ ಮಾಡಿನ ಹಂಚು ನೋಡಿದರು. ಹೆಸರಿಡುವ ಮೊದಲೇ ಹೋಯಿತಲ್ಲ ಎಂದು ಅಮ್ಮ ಸೆರಗಿನ ತುದಿ ಹಿಂಡಿದಳು.

"ಹೆಸರಿಲ್ಲದೆ ಮನೆಗೆ ಕರೆಯುದು ಹೇಗೆ?" ಲೋಲಾಕ್ಷಿ ಅಂಗಿಯನ್ನು ತಿರುಗಿ ಮಡಚತೊಡಗಿದಳು. ಮೊದಲು ಎಡದ ತೋಳು, ಆಮೇಲೆ ಬಲದ್ದು.

ಸುಮ್ಮನಿದ್ದರೆ ಸಾಕಿತ್ತು. ಮಾತು ಮುರಿಯುತ್ತದೆ, ಅಕ್ಕ ಇನ್ನೂ ಕೆಲವು ವರ್ಷ ಅಡ್ಡ ಕೂತು ಕಾಯುತ್ತಾಳೆ. ಯಶಸ್ವಿ ಆ ಕೈಗಳನ್ನೇ ನೋಡುತ್ತಿದ್ದಳು. ಮಡಚಿದ್ದು ಸರಿಯಾಗಲಿಲ್ಲವೆಂದು ಅವು ಮತ್ತೆ ಬಿಡಿಸಿ ಮಡಚುತ್ತಿದ್ದವು.

"ಹೆಸರು ಉಂಟು," ಎಂದಳು. "ಅವಳಿಗೇಂತ ಅಜ್ಜಿ ತೆಗೆದಿಟ್ಟದ್ದು. ಹೆಸರು ಉಳಿಯಿತು ಅಂತ ಮತ್ತೆ ನನಗೆ ಕೊಟ್ಟದ್ದು. ಅವಳೇ ಯಶಸ್ವಿ."

ಅಮ್ಮನ ಮುಖ ಬಿಳಿಚಿತು. ಅಪ್ಪ ಹಂಚಿನಿಂದ ಕಣ್ಣು ಕೆಳಗಿಳಿಸಿ, ಅಜ್ಜಿ ಹಾಗೆ ಹೇಳಿದ್ದು ಹೌದು ಎಂದು ಗೋಡೆಗೆ ಹೇಳಿದಂತೆ ಹೇಳಿದರು.

"ಎಂತ ಮಾರಾಯ್ತಿ," ವೆಂಕಪ್ಪಣ್ಣ ಮಣೆಯತ್ತಲೂ ಅವಳತ್ತಲೂ ನೋಡಿದ. "ಸತ್ತವನಿಗೆ ಕೊಟ್ಟ ಹೆಸರನ್ನು ಸುಜಯನ ಮದುವೆ ಕಾಗದದಲ್ಲಿ ಹಾಕುದು ಹೇಗೆ? ಮಂಡೆಕೋಲಿನವರು ಒಪ್ಪಲಿಕ್ಕುಂಟಾ?"

ಪುಟದ ನಡುವೆ ಯಶಸ್ವಿಯ ಬೆರಳು ಜೋಮು ಹಿಡಿದಿತ್ತು.

ಲೋಲಾಕ್ಷಿಗೆ ಇದೊಂದೂ ಕೇಳಿದಂತಿರಲಿಲ್ಲ. ಅವಳು ತನ್ನ ಮುಡಿಯ ಮಲ್ಲಿಗೆಯಿಂದ ಒಂದು ತುಂಡು ತೆಗೆದು ಸೀರೆಯ ಮೇಲಿಟ್ಟು, ಅಂಗಿಯನ್ನು ಪಕ್ಕದಲ್ಲಿ ಬಿಡಿಸಿ ಹಾಸಿದಳು.

"ಬಾ ಯಶಸ್ವಿ," ಎಂದು ಸೀರೆಗೆ ಹೇಳಿದಳು. "ಈಚೆ ಕೂತುಕೊ."

ಕಂಬದ ಬುಡದಲ್ಲಿದ್ದವಳ ಮೊಣಕಾಲು ತಾನಾಗಿ ಏಳಲು ಹೊರಟಿತು. ಅವಳು ಪುಸ್ತಕದಿಂದಲೇ ಅದನ್ನು ಒತ್ತಿ ಹಿಡಿದಳು. ಲೋಲಾಕ್ಷಿ ಸೀರೆಯನ್ನು ಸ್ವಲ್ಪ ಈಚೆಗೆ ಸರಿಸಿ, ಅದರ ಅಂಚಿನ ಮೇಲೆ ಅಂಗಿಯ ತೋಳನ್ನು ಎತ್ತಿ ಇಟ್ಟಳು.