ನೂರರಲ್ಲಿ ನಲವತ್ತೊಂದನೆಯದು

ಮೂಡಲಗಿಯ ಗುರುಪಾದನಿಗೆ ನಲವತ್ತಾರು ವರ್ಷ. ಮೀಸೆ, ಹೊಟ್ಟೆ, ಕಾಲೇಜಿಗೆ ಹೋಗುವ ಮಗಳು ಎಲ್ಲವೂ ಇದ್ದವು. ಇಲ್ಲದ್ದು ಒಂದೇ, ಗಾದಿ. ಅವನ ತಂದೆ ಮುರಿಗೆಪ್ಪನವರ ದನದ ಹಿಂಡಿ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಹಿಂದೆ, ಬಿಳಿ ಗವಸು ಹಾಕಿದ ಗಾದಿಯೊಂದಿತ್ತು. ಅದರ ಮೇಲೆ ಕೂತವರು ಹಿಂಡಿಯ ದರ ಹೇಳುತ್ತಾರೆ, ಉದ್ರಿ ಕೊಡುತ್ತಾರೆ ಇಲ್ಲವೇ ಓಡಿಸುತ್ತಾರೆ, ಯಾರಿಗೆ ಚಹಾ ತರಿಸಬೇಕೆಂದು ತೀರ್ಮಾನಿಸುತ್ತಾರೆ. ಉಳಿದವರು ಚೀಲದ ಮೇಲೆ ಕೂರಬೇಕು. ಎಪ್ಪತ್ತು ದಾಟಿದರೂ ಮುರಿಗೆಪ್ಪನವರು ಗಾದಿ ಬಿಟ್ಟೇಳುವ ಲಕ್ಷಣವೇ ಇರಲಿಲ್ಲ. ಗುರುಪಾದ ಹತ್ತಿಕಾಳು ಹಿಂಡಿಯ ಚೀಲದ ಮೇಲೆ ಕೂತು ಕೂತು ಅವನ ಪ್ಯಾಂಟುಗಳಿಗೆಲ್ಲ ಹಿಂದುಗಡೆ ಎಣ್ಣೆಯ ಕಲೆ ಬಿದ್ದಿತ್ತು. ಅಪ್ಪ ಊರಿಗೆ ಹೋದ ದಿನ ಕೂಡ ಆ ಗಾದಿಯ ಮೇಲೆ ಕೂರಲು ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ.

ಇಂಥ ಗುರುಪಾದ, ತಾನೇ ಹಿಡಿದ, ದನಗಳಿಗೆ ಹಾಕುವ ಖನಿಜ ಮಿಶ್ರಣದ ಏಜೆನ್ಸಿಯ ಕಮಿಷನ್ ಕೂಡಿಟ್ಟು ಒಂದು ವಾಚು ಕೊಂಡ. ಸ್ವಿಟ್ಜರ್ಲೆಂಡಿನ ಕಂಪನಿಯದು. ಅಂಥವು ಜಗತ್ತಿನಲ್ಲಿ ನೂರೇ ನೂರು. ಮಾಡಿದ ಮೇಲೆ ಕಂಪನಿಯವರು ಅಚ್ಚು ಮುರಿದು ಹಾಕಿದ್ದರಂತೆ. ಇವನ ಪಾಲಿಗೆ ಬಂದದ್ದು ನಲವತ್ತೊಂದನೆಯದು. ಬೆಲೆ ಮೂರು ಎಚ್ಎಫ್ ತಳಿಯ ಆಕಳಿನಷ್ಟು. ಮೂಡಲಗಿಯಲ್ಲಿ ದೊಡ್ಡ ಬೆಲೆಗಳನ್ನು ಆಕಳ ಲೆಕ್ಕದಲ್ಲೇ ಹೇಳುವುದು, ಅದೇ ಎಲ್ಲರಿಗೂ ಬೇಗ ತಿಳಿಯುತ್ತದೆ.

"ಕಟ್ಟಿ ತೋರಸಲೇ, ನೋಡೋಣು" ಎಂದರು ಮುರಿಗೆಪ್ಪನವರು.

"ಕಟ್ಟಂಗಿಲ್ಲಪ್ಪಾ. ಕಟ್ಟಿದ್ರ ಕಿಮ್ಮತ್ತು ಇಳಿತೈತಿ. ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಸೈತ ಬಿಚ್ಚಬಾರದು. ಹಿಂಗ ಡಬ್ಬಿಯೊಳಗ ಇಟ್ರ ಮುಂದ ಇದಕ್ಕ ಬಂಗಾರಕ್ಕಿಂತ ಹೆಚ್ಚಿನ ರೇಟ್ ಬರ್ತೈತಿ."

"ಅಂದ್ರ ಹಾಲು ಹಿಂಡಂಗಿಲ್ಲ, ಕರಾ ಹಾಕಸಂಗಿಲ್ಲ, ಮೈ ತೊಳಿಯಂಗಿಲ್ಲ. ಗ್ವಾದಲಿಗೆ ಕಟ್ಟಿ ಬರೇ ನೋಡಕೋಂತ ಕುಂದ್ರೂದು?"

ಅಂಗಡಿಯಲ್ಲಿದ್ದ ರೈತರು ನಕ್ಕರು. ಗುರುಪಾದನಿಗೆ ಮೈಯೆಲ್ಲ ಉರಿಯಿತು. "ಎರಡರಷ್ಟು ರೊಕ್ಕ ತಂದು ತೋರಸ್ತೇನಿ, ಆವಾಗ ನಗ್ರಿ" ಎಂದುಬಿಟ್ಟ.

ಮುರಿಗೆಪ್ಪನವರು ಗಾದಿಯನ್ನು ಅಂಗೈಯಿಂದ ಬಡಿದರು. "ಎರಡರಷ್ಟು ಬಂದ ದಿನ ಇದನ್ನ ಬಿಟ್ಟು ಏಳತೇನಿ. ನೀನಽ ಕುಂದ್ರು. ಬರಲಿಲ್ಲಂದ್ರ ಬಾಯಿ ಮುಚಗೊಂಡು ಚೀಲದ ಮ್ಯಾಲ ಇರು."

ಅಂದಿನಿಂದ ವಾಚು ಬರೀ ವಾಚಾಗಿ ಉಳಿಯಲಿಲ್ಲ. ತಿಜೋರಿಯ ಕೀಲಿಕೈ ಹೆಂಡತಿ ದಾಕ್ಷಾಯಿಣಿಯ ಸೊಂಟದಲ್ಲಿತ್ತು. ಸೋಮವಾರಕ್ಕೊಮ್ಮೆ ಗುರುಪಾದ ಸ್ನಾನ, ಲಿಂಗಪೂಜೆ ಮುಗಿಸಿ, ಅವಳಿಂದ ತಿಜೋರಿ ತೆಗೆಸಿ, ಡಬ್ಬಿಯ ಮುಚ್ಚಳ ಎತ್ತಿ, ಕೈ ಬೆನ್ನಿಗೆ ಕಟ್ಟಿಕೊಂಡು ನೋಡುತ್ತಿದ್ದ. ಮುಟ್ಟುತ್ತಿರಲಿಲ್ಲ. ಬೆರಳಿನ ಬೆವರು ತಾಗಿದರೂ ಬೆಲೆ ಇಳಿಯುತ್ತದೆಂದು ಎಲ್ಲೋ ಓದಿದ್ದ. ಉಳಿದ ದಿನ ಮೊಬೈಲಿನಲ್ಲಿ ದರ ನೋಡುವುದು. ಒಂದು ವರ್ಷ ದರ ಸರಸರ ಏರಿತು. ಅವನು ನೆಲದ ಮೇಲೆ ಕಾಲಿಡಲಿಲ್ಲ. ಮರುವರ್ಷ ದಬಕ್ಕನೆ ಬಿತ್ತು. ಮನೆಯಲ್ಲಿ ಹೋಳಿಗೆ ಮಾಡಿದ್ದರೂ ಅವನ ಗಂಟಲಲ್ಲಿ ಇಳಿಯಲಿಲ್ಲ. ಹಿಂಡಿ ಒಯ್ಯಲು ಬಂದ ಕಲ್ಲೋಳಿಯ ರೈತರಿಗೆ "ಮಾಲು ಕಡಿಮಿ ಇದ್ದಷ್ಟು ಕಿಮ್ಮತ್ತು ಹೆಚ್ಚು" ಎಂದು ಪಾಠ ಮಾಡುತ್ತಿದ್ದ. ಅವರು ತಲೆದೂಗಿ, ಹಾಗಾದರೆ ಹಿಂಡಿಯ ದರ ಏರಿಸಲು ಇವನೇನೋ ಹೂಟ ಹೂಡಿದ್ದಾನೆ ಎಂದು ಬೇರೆ ಅಂಗಡಿಗೆ ಹೋಗುತ್ತಿದ್ದರು.

ಕೊನೆಗೆ ಕೊಲ್ಲಾಪುರದಿಂದ ಸ್ವಪ್ನಿಲ್ ಎಂಬ ವಾಚಿನ ವ್ಯಾಪಾರಿಯ ಫೋನು ಬಂತು. ಅವನ ಗಿರಾಕಿಯೊಬ್ಬರು ದೊಡ್ಡ ಸಾಹುಕಾರರು. ಅವರ ಜೀಪಿನ ನಂಬರು ನಲವತ್ತೊಂದು, ಬಂಗಲೆಯ ನಂಬರು ನಲವತ್ತೊಂದು. ಈಗ ವಾಚೂ ನಲವತ್ತೊಂದೇ ಬೇಕಂತೆ. ಗುರುಪಾದ ಉಸಿರು ಬಿಗಿಹಿಡಿದು ಎರಡರಷ್ಟು ಬೆಲೆ ಹೇಳಿದ. ಸ್ವಪ್ನಿಲ್ ಒಪ್ಪಿಯೇಬಿಟ್ಟ. ಗುರುಪಾದ ಅಂದೇ ಸಂಜೆ ದರ್ಜಿಯ ಬಳಿ ಹೋಗಿ ಗಾದಿಗೆ ಹೊಸ ಗವಸು ಹೊಲಿಯಲು ಹಾಕಿದ.

ಇಬ್ಬರಿಗೂ ದಾರಿ ಸಮವಾಗಲೆಂದು ಹುಕ್ಕೇರಿಯಲ್ಲಿ, ದಾಕ್ಷಾಯಿಣಿಯ ತವರುಮನೆಯಲ್ಲಿ ಸೇರುವುದೆಂದಾಯಿತು. ಗಂಡ ಹೆಂಡತಿಯ ಜೊತೆ ಮುರಿಗೆಪ್ಪನವರೂ ಕಾರು ಹತ್ತಿದರು. ಎರಡರಷ್ಟು ಎಂಬುದನ್ನು ಕಣ್ಣಾರೆ ನೋಡದೆ ಅವರು ಯಾವುದನ್ನೂ ಬಿಟ್ಟೇಳುವವರಲ್ಲ. ದಾರಿಯುದ್ದಕ್ಕೂ ಗುರುಪಾದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ತಗ್ಗಿಗೂ ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದ.

ಪಡಸಾಲೆಯಲ್ಲಿ ಸ್ವಪ್ನಿಲ್ ಬಿಳಿ ಕೈಗವಸು ತೊಟ್ಟು, ಒಂದು ಕಣ್ಣಿಗೆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ. ವಾಚನ್ನು ಎತ್ತಿ ಮುಂಭಾಗ ನೋಡಿದ.

"ಏಕ್ ನಂಬರ್ ಐತ್ರಿ ಮಾಲಕ. ಗಾಳಿ ಸೈತ ತಾಗಿಲ್ಲ."

"ನಾನಽ ಮುಟ್ಟಿಲ್ಲ ನೋಡ್ರಿ" ಎಂದ ಗುರುಪಾದ. ಹೇಳುವಾಗ ಅಪ್ಪನ ಕಡೆ ಒಮ್ಮೆ ನೋಡಿದ. ಮುರಿಗೆಪ್ಪನವರು ತಲೆಯ ಪಟಗವನ್ನು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದರು.

ಸ್ವಪ್ನಿಲ್ ವಾಚನ್ನು ಹೊರಳಿಸಿದ. ಹಿಂದಿನ ಪ್ಲಾಸ್ಟಿಕ್ ಹಾಳೆಯ ಮೂಲೆ ಎತ್ತಿದ. ಕಣ್ಣಿನಿಂದ ಭೂತಗನ್ನಡಿ ತೆಗೆದು ಒರೆಸಿ ಮತ್ತೆ ಸಿಕ್ಕಿಸಿಕೊಂಡ.

"ಅರೇ, ಹೇ ಕಾಯ? ಮಾಲಕ, ಇದೇನ ಕನ್ನಡದಾಗ ಬರದೈತ್ರಿ?"

ಸ್ವಿಟ್ಜರ್ಲೆಂಡಿನವರು ಕನ್ನಡದಲ್ಲಿ ಬರೆಯುವುದಿಲ್ಲ ಎಂಬುದು ಗುರುಪಾದನಿಗೂ ಗೊತ್ತಿತ್ತು. ವಾಚನ್ನು ಕೈಗೆ ತೆಗೆದುಕೊಂಡ, ಭೂತಗನ್ನಡಿ ಬೇಕಾಗಲೇ ಇಲ್ಲ. ಕಂಪನಿಯವರ ನಂಬರಿನ ಕೆಳಗೆ, ಚುಕ್ಕಿ ಚುಕ್ಕಿಯಾಗಿ ಕೊರೆದ ದಪ್ಪ ಅಕ್ಷರದಲ್ಲಿ ‘ಗುರುಪಾದ, ಮೂಡಲಗಿ’ ಎಂದಿತ್ತು. ಆ ಬರಹ ಯಾರದೆಂದು ಹುಡುಕಬೇಕಾಗಿರಲಿಲ್ಲ. ಅವನ ಮನೆಯ ತಾಟು, ತಂಬಿಗೆ, ಪರಾತ ಎಲ್ಲದರ ಮೇಲೆ ಇದೇ ಕೈ ಇತ್ತು. ಗೋಕಾಕದ ಭಾಂಡೆ ಅಂಗಡಿಯಲ್ಲಿ, ಸ್ಟೀಲಿನ ಸಾಮಾನು ಕೊಂಡವರಿಗೆ ಚರ್ರ್ ಎನ್ನುವ ಮಷಿನ್ನಿನಲ್ಲಿ ಪುಕ್ಕಟೆ ಹೆಸರು ಹಾಕಿಕೊಡುವವನದು.

"ದಾಕ್ಷಾಯಿಣೀ!"

ಅವಳು ಚಹಾದ ತಾಟು ಹಿಡಿದು ಆಗಲೇ ಬಾಗಿಲಲ್ಲಿದ್ದಳು. ಇಣುಕಿ ನೋಡಿ, "ಅದಾ? ಹೆಸರು ಹಾಕಿಸೇನ್ರಿ" ಎಂದಳು.

"ಯಾಕ?"

"ನೀವಽ ಅಂದ್ರೆಲ್ಲ, ಇಂಥಾವು ನೂರು ಅದಾವು, ನೂರೂ ಒಂದಽ ನಮೂನಿ ಅಂತ. ಅದಲಾಬದಲಾದ್ರ? ದಾಸೋಹದಾಗ ಐವತ್ತು ತಾಟು ಕೂಡಿದ್ರನಽ ನಮ್ಮದು ಯಾವುದು ಅಂತ ತಿಳಿಯಂಗಿಲ್ಲ. ಹ್ವಾದ ತಿಂಗಳ ತಾಟಿಗೆ ಹೆಸರು ಹಾಕಸಾಕ ಹ್ವಾದಾಗ ಇದನ್ನೂ ಒಯ್ದಿದ್ದೆ."

"ನಂಬರ್ ಇತ್ತಲ್ಲ! ನಲವತ್ತೊಂದು!"

"ನಂಬರ್ ಯಾರು ನೆನಪಿಡತಾರ್ರಿ? ಪ್ಲಾಸ್ಟಿಕ್ ಹಾಳಾದ್ರ ನೀವು ಬೈತೀರಿ ಅಂತ ಸಾವಕಾಶ ಬಿಚ್ಚಿ, ಮತ್ತ ಹಚ್ಚೇನಿ. ಗಂಡನ ಹೆಸರು ಬಾಯಾಗ ತರಬಾರದು, ಅಂಗಡ್ಯಾಂವಗ ಹೇಳೂದು ಹೆಂಗ? ಗುರುವಿಂದು ಏನ ಹಿಡಿತಾರು ಅಂದೆ. ಕೈ ಅಂದ ಆ ಮೂಳ. ಗುರುಕೈ ಅಂತ ಕೊರ್ಯಾಕ ಹೊಂಟಿದ್ದ. ಇನ್ನೂ ಕೆಳಗ, ಇನ್ನೂ ಕೆಳಗ ಅಂದು ಪಾದಕ್ಕ ತರೂದ್ರಾಗ ನನಗ ಸಾಕಾತು."

ಮುರಿಗೆಪ್ಪನವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಹತ್ತಿ, ಪಟಗದಿಂದ ಕಣ್ಣೊರೆಸಿಕೊಂಡರು. ಗುರುಪಾದನಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹೆಂಡತಿಯನ್ನು ಬೈಯೋಣವೆಂದರೆ ಅವಳ ತವರುಮನೆ. ಗೋಡೆಗೊಬ್ಬರಂತೆ ಅವಳ ಕಡೆಯವರೇ ನಿಂತಿದ್ದರು.

"ಈಗ ಏನಾದ್ರೂ ಕಿಮ್ಮತ್ತು ಐತೇನ್ರಿ?" ಎಂದು ಸ್ವಪ್ನಿಲನನ್ನು ಕೇಳಿದ.

"ಹಿಂಗಽ ಇದ್ರ ಕೊಂಡದ್ದರ ಅರ್ಧಾನೂ ಸಿಗಂಗಿಲ್ಲ. ಖರೆ ಹೇಳಲ್ಯಾ? ನಂಬರ್ ಹಾಕಿದ ವಾಚು ಈಗ ತಿಂಗಳಿಗೊಂದು ಕಂಪನಿ ತಗ್ಯಾಕತ್ತಾವ. ಕಡಿಮಿ ಆದವ್ರು ಅಂದ್ರ ಕೊಳ್ಳಾವ್ರು." ಸ್ವಪ್ನಿಲ್ ಚಹಾ ಕುಡಿದು ಕಪ್ಪು ಕೆಳಗಿಟ್ಟ. "ಆದ್ರ ನಮ್ಮ ಸಾಹುಕಾರಗ ನಲವತ್ತೊಂದು ಕಾಣಿಸಿದ್ರ ಮುಗೀತು. ಕೊಲ್ಲಾಪುರದಾಗ ನಮ್ಮ ಕಾರಾಗೀರ ಅದಾನ. ಹೆಸರು ಅಷ್ಟಽ ತಿಕ್ಕಿ ತಗದು ನುಣ್ಣಗ ಮಾಡ್ತಾನ. ತಿಕ್ಕಿಸೇನಿ ಅಂತ ಅವರಿಗೆ ಹೇಳಿಯಽ ಕೊಡ್ತೇನಿ, ಬ್ಯಾಡ ಅನ್ನಂಗಿಲ್ಲ. ನೀವು ಹೂಂ ಅನ್ರಿ, ಎರಡರಷ್ಟು ಈಗಽ ಎಣಸ್ತೇನಿ."

ಮುರಿಗೆಪ್ಪನವರ ನಗು ನಿಂತಿತು. ಕೆಮ್ಮೂ ನಿಂತಿತು. ಅವರು ಒರಗಿದ್ದ ಗೋಡೆ ಬಿಟ್ಟು ನೇರ ಕೂತು, "ತಿಕ್ಕಿಸಲೇ" ಎಂದರು. "ಆಡಿದ ಮಾತಿಗೆ ನಾ ತಪ್ಪಾಂವಲ್ಲ." ದನಿ ಮಾತ್ರ ಎಂದಿನಷ್ಟು ದೊಡ್ಡದಿರಲಿಲ್ಲ.

ಗುರುಪಾದ ಹೂಂ ಎನ್ನಲು ಬಾಯಿ ತೆರೆದ. ಕೈಯಲ್ಲಿದ್ದ ವಾಚಿನ ಬೆನ್ನನ್ನು ಇನ್ನೊಮ್ಮೆ ನೋಡಿದ. ಅಕ್ಷರಗಳು ಸೊಟ್ಟ. ‘ಪಾ’ದ ದೀರ್ಘ ನಂಬರಿನ ತನಕ ಚಾಚಿತ್ತು. ಅಂಗಡಿಯ ಬೋರ್ಡಿನ ಮೇಲೆ ಅಪ್ಪನ ಹೆಸರು, ಚೀಟಿಯ ಮೇಲೆ ಅಪ್ಪನ ಹೆಸರು, ಮನೆಯ ಉಪ್ಪಿನಕಾಯಿ ಚಮಚದ ಮೇಲೂ ಅಪ್ಪನ ಹೆಸರು. ಭಾಂಡೆ ಅಂಗಡಿಗೆ ಹೋದಾಗಲೆಲ್ಲ ದಾಕ್ಷಾಯಿಣಿ ಅದನ್ನೇ ಹಾಕಿಸಿಕೊಂಡು ಬರುತ್ತಿದ್ದಳು.

"ಇದಕ್ಕೂ ಅಪ್ಪನ ಹೆಸರು ಯಾಕ ಹಾಕಿಸಲಿಲ್ಲ?" ಎಂದು ಮೆಲ್ಲಗೆ ಕೇಳಿದ.

"ನಿಮ್ಮ ಸಾಮಾನಿಗೆ ಮಾವಾರ ಹೆಸರು ಯಾಕ್ರಿ?" ಎಂದಳು ಅವಳು, ಇದೇನು ಕೇಳುವ ಮಾತೇ ಎನ್ನುವಂತೆ.

ಗುರುಪಾದನಿಗೆ ಗಾದಿ ಬೇಕು, ಖಂಡಿತ ಬೇಕು. ಆದರೆ ಅದರ ಮೇಲೆ ಕೂರುವುದಕ್ಕೆ ತನ್ನ ಹೆಸರನ್ನೇ ತಿಕ್ಕಿ ತೆಗೆಸಬೇಕೆಂದರೆ ಅಲ್ಲಿ ಕೂರುವವನು ಯಾರು? ಅವನು ವಾಚಿನ ಮುಂಭಾಗದ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಸರ್ರನೆ ಕಿತ್ತ. ಸ್ವಪ್ನಿಲ್ ತನ್ನದೇ ಚರ್ಮ ಸುಲಿದ ಹಾಗೆ "ಅಯ್ಯೋ ಮಾಲಕ!" ಎಂದು ಚೀರಿದ.

"ಕೊಡಂಗಿಲ್ರಿ" ಎಂದು ಗುರುಪಾದ ವಾಚನ್ನು ಕೈಗೆ ಕಟ್ಟಿಕೊಂಡ. ಎಷ್ಟೋ ದಿನದಿಂದ ಸತ್ತಂತೆ ಬಿದ್ದಿದ್ದ ಮುಳ್ಳು ಕೈಯ ಅಲುಗಾಟದಲ್ಲಿ ಓಡತೊಡಗಿತು. ಟೈಮು ಕೂಡಿಸುವುದು ಹೇಗೆಂದೇ ಅವನಿಗೆ ಗೊತ್ತಿರಲಿಲ್ಲ. ಸ್ವಪ್ನಿಲ್ ಒಳ್ಳೆಯವನು, ವ್ಯಾಪಾರ ಮುರಿದರೂ ಬಾಜೂಗೆ ಕೂತು, ಈ ಗುಂಡಿ ಎಳೆದು ಹೀಗೆ ತಿರುವಬೇಕೆಂದು ತೋರಿಸಿಕೊಟ್ಟು, ದಾಕ್ಷಾಯಿಣಿ ಕಟ್ಟಿಕೊಟ್ಟ ಕರದಂಟು ತೆಗೆದುಕೊಂಡು ಹೋದ.

ಮರುದಿನ ಗುರುಪಾದ ಮತ್ತೆ ಚೀಲದ ಮೇಲೆ. ಪಂಥ ಸೋತವನು ಬಾಯಿ ಮುಚ್ಚಿಕೊಂಡೇ ಇದ್ದ. ಹಿಂಡಿಯ ಧೂಳು ವಾಚಿನ ಮೇಲೆ ಕೂರುತ್ತಿತ್ತು, ಅವನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಬಂದ ರೈತರೆಲ್ಲ ಮೊದಲು ವಾಚು ಹೊರಳಿಸಿ ಹೆಸರು ಓದಿ, ಆಮೇಲೆ ಹಿಂಡಿ ಕೇಳುತ್ತಿದ್ದರು. ಮುರಿಗೆಪ್ಪನವರು ಗಾದಿಯ ಮೇಲಿಂದ ಎಲ್ಲ ನೋಡುತ್ತಿದ್ದರು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಎದ್ದು ಚಪ್ಪಲಿ ಹುಡುಕಿದರು. "ಊಟಾದ ಮ್ಯಾಲ ನನಗ ನಿದ್ದಿ ಬರಾಕತ್ತೈತಿ. ಇನ್ನ ಮ್ಯಾಲ ಮಧ್ಯಾಹ್ನ ಮನಿಗೆ ಹೋಗ್ತೇನಿ. ನಾಕರ ತನಕ ಇಲ್ಲಿ ಕುಂದ್ರು. ನಾಕಕ್ಕ ಏಳಬೇಕ ಮತ್ತ. ಹೆಂಗೂ ವಾಚೈತೆಲ್ಲ."

ಗುರುಪಾದ ಗಾದಿಯ ಮೇಲೆ ಕೂತ. ಮೆತ್ತಗಿತ್ತು. ಎದುರಿಗೆ ಬಂದವರಿಗೆ ದರ ಹೇಳಿದ, ಇಬ್ಬರಿಗೆ ಉದ್ರಿ ಕೊಟ್ಟ, ಮೂರು ಸಲ ಚಹಾ ತರಿಸಿದ. ಟೈಮು ಇಷ್ಟು ಬೇಗ ಓಡುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ದೂರದಲ್ಲಿ ಅಪ್ಪನ ಬಿಳಿ ಪಟಗ ಕಂಡಿತು. ಗುರುಪಾದ ಅತ್ತಿತ್ತ ನೋಡಿ, ವಾಚಿನ ಗುಂಡಿ ಎಳೆದು, ಮುಳ್ಳನ್ನು ಒಂದು ತಾಸು ಹಿಂದಕ್ಕೆ ತಿರುವಿದ.

"ನಾಕಾತು, ಏಳು" ಎಂದರು ಮುರಿಗೆಪ್ಪನವರು, ಮೆಟ್ಟಿಲ ಮೇಲೆ ನಿಂತು.

"ಇಲ್ಲಪ್ಪಾ, ಈಗರ ಮೂರು. ಬೇಕಾರ ನೋಡು." ಗುರುಪಾದ ಕೈ ಚಾಚಿದ.

ಮುರಿಗೆಪ್ಪನವರು ಬಗ್ಗಿ ವಾಚು ನೋಡುತ್ತಿರುವಾಗಲೇ ನಾಲ್ಕರ ಗೋಕಾಕ ಬಸ್ಸು ಹಾರ್ನ್ ಹೊಡೆಯುತ್ತ ಅಂಗಡಿಯ ಮುಂದಿನಿಂದ ಹಾದು ಹೋಯಿತು. ಅವರು ಬಸ್ಸನ್ನು ನೋಡಿದರು. ವಾಚನ್ನು ನೋಡಿದರು. ಮಗನ ಮುಖವನ್ನೂ ನೋಡಿದರು.

"ಡ್ರೈವರಗ ಇವತ್ತ ತಲಿ ಕೆಟ್ಟೈತಿ" ಎಂದರು. "ಒಂದು ತಾಸು ಮೊದಲಽ ಬಂದಾನ." ಹಾಗೆಂದು ಪಟಗ ಸರಿಮಾಡಿಕೊಂಡು, ಎದುರಿನ ಚಹಾದಂಗಡಿಯ ಕಡೆ ನಡೆದರು.